ಬಸಳೆಯೂ ಇರಲಿ, ರಕ್ತಪರೀಕ್ಷೆಯೂ ಇರಲಿ

ಕಾಪುವಿನಿಂದಲೋ ಕಾರ್ಕಳದಿಂದಲೋ ಮಣಿಪಾಲಕ್ಕೆ ಹೋಗಿ ಹೃದಯದ ಕವಾಟ ಬದಲಿಸಿಕೊಂಡು ಬಂದಿದ್ದೀರಾ? ಗಾಯ ಮಾಗಿತು, ಉಸಿರು ಹಗುರಾಯಿತು, ಇನ್ನೇನು ಚಿಂತೆ ಎಂದು ಮೈಮರೆಯಬೇಡಿ.

ಲೋಹದ ಕವಾಟ ದಶಕಗಟ್ಟಲೆ ಬಾಳುತ್ತದೆ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಸಾಗಿದರೆ ಪಾರ್ಶ್ವವಾಯು ಬರುತ್ತದೆ. ಅದಕ್ಕೇ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ಬೇಕು. ಪ್ರಾಣಿ ಅಂಗಾಂಶದ ಕವಾಟಕ್ಕೆ ಹಲವರಿಗೆ ಕೆಲವು ತಿಂಗಳ ಮಾತ್ರೆ ಸಾಕು; ಆದರೆ ಅದು 10–15 ವರ್ಷಗಳಲ್ಲಿ ಸವೆಯಬಹುದು.

ಮಾತ್ರೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ವೈದ್ಯರು ಹೇಳಿದ ದಿನ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ. ನಮ್ಮ ಬಸಳೆ, ಹರಿವೆ, ನುಗ್ಗೆಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಬಲ ಕುಗ್ಗಿಸುತ್ತದೆ. ಹಾಗೆಂದು ಸೊಪ್ಪು ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಲಿ. ನೋವಿನ ಮಾತ್ರೆ, ಕಷಾಯಗಳನ್ನು ಕೇಳದೆ ತೆಗೆದುಕೊಳ್ಳಬೇಡಿ. ಗರ್ಭಧಾರಣೆಯ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ಹಲ್ಲು ಕೀಳಿಸುವ ಮುನ್ನ ಕವಾಟದ ವಿಷಯ ಹೇಳಿ. ಬಾಯಿಯ ರೋಗಾಣು ಕವಾಟಕ್ಕೆ ಅಂಟದಂತೆ ಮೊದಲೇ ಆಂಟಿಬಯೋಟಿಕ್ ಕೊಡುತ್ತಾರೆ. ಬಿಡದ ಜ್ವರ, ತೊದಲು ಮಾತು, ಕಪ್ಪು ಮಲ, ಏದುಸಿರು ಕಂಡರೆ ನಾಳೆಗೆಂದು ಕಾಯದೆ ಆಸ್ಪತ್ರೆಗೆ ಹೊರಡಿ.