ದೂರು ಸರಿ, ಗುಟ್ಟು ಮೊದಲು

ಪ್ರಶ್ನೆ: ಅಮೆರಿಕದ ಕ್ಲಿನಿಕ್ ಒಂದರ ಬಿಲ್ಲಿಂಗ್ ವಿಭಾಗದಲ್ಲಿದ್ದೇನೆ, ಎಚ್‌1ಬಿ ವೀಸಾ. ಮಾಡದ ಪರೀಕ್ಷೆಗಳಿಗೂ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಬಿಲ್ ಹೋಗುತ್ತಿದೆ. ದೂರು ಕೊಟ್ಟರೆ ಕೆಲಸ, ವೀಸಾ ಎರಡೂ ಹೋದಾವೇ?

ಉತ್ತರ: ನಿಮ್ಮ ಭಯ ಸಹಜ. ಆದರೆ ದಾರಿ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೇನೆಗೆ ಕಳಪೆ ಸರಕು ಮಾರುತ್ತಿದ್ದ ಗುತ್ತಿಗೆದಾರರನ್ನು ಹಿಡಿಯಲು 1863ರಲ್ಲಿ ಬಂದ ಫಾಲ್ಸ್ ಕ್ಲೇಮ್ಸ್ ಆಕ್ಟ್ ಪ್ರಕಾರ, ಖಾಸಗಿ ವ್ಯಕ್ತಿಯೂ ಸರ್ಕಾರದ ಪರವಾಗಿ ದಾವೆ ಹೂಡಬಹುದು.

ದಾವೆ ಕನಿಷ್ಠ 60 ದಿನ ಗೋಪ್ಯವಾಗಿರುತ್ತದೆ. ನ್ಯಾಯ ಇಲಾಖೆಯ ತನಿಖೆಗಾಗಿ ಈ ಅವಧಿ ವರ್ಷಗಟ್ಟಲೆ ಬೆಳೆಯುವುದೂ ಉಂಟು. ಸರ್ಕಾರವೇ ದಾವೆ ಕೈಗೆತ್ತಿಕೊಂಡರೆ ವಸೂಲಾದ ಹಣದಲ್ಲಿ ಸಾಮಾನ್ಯವಾಗಿ ನಿಮಗೆ ಶೇ 15ರಿಂದ 25. ನೀವೇ ನಡೆಸಿ ಗೆದ್ದರೆ ಶೇ 25ರಿಂದ 30. ಔಷಧ ಕಂಪನಿ ರಾನ್‌ಬಾಕ್ಸಿಯ ಪ್ರಕರಣದಲ್ಲಿ ದೂರು ಕೊಟ್ಟ ಮಾಜಿ ಉದ್ಯೋಗಿ ದಿನೇಶ್ ಠಾಕೂರ್ ಅವರಿಗೆ 4.8 ಕೋಟಿ ಡಾಲರ್‌ಗೂ ಹೆಚ್ಚು ಸಿಕ್ಕಿತು. ಆದರೆ ಅವರು ಕಂಪನಿ ಬಿಟ್ಟದ್ದು 2005ರಲ್ಲಿ, ಪ್ರಕರಣ ಇತ್ಯರ್ಥವಾದದ್ದು 2013ರಲ್ಲಿ. ದುಡ್ಡನ್ನೇ ನಂಬಿ ಇಳಿಯಬೇಡಿ.

ದೂರಿನ ಕಾರಣಕ್ಕೆ ಕೆಲಸದಿಂದ ತೆಗೆದರೆ ಮರುನೇಮಕ ಮತ್ತು ಬಾಕಿ ಸಂಬಳದ ಎರಡು ಪಟ್ಟು ಕೇಳಬಹುದು. ವೀಸಾಕ್ಕೆ ಮಾತ್ರ ಈ ಕಾಯ್ದೆ ರಕ್ಷಣೆ ಕೊಡದು. ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಇಲ್ಲವೇ ದೇಶ ಬಿಡಲು ನಿಮಗೆ ಸಿಗುವುದು ಗರಿಷ್ಠ 60 ದಿನ. ಹಾಗಾಗಿ ವಲಸೆ ವಕೀಲರನ್ನೂ ಈಗಲೇ ಕಾಣಿ.

ಸಹೋದ್ಯೋಗಿಗಳ ಬಳಿ, ವಾಟ್ಸಾಪ್‌ನಲ್ಲಿ ಬಾಯಿ ಬಿಡಬೇಡಿ. ಕಂಡದ್ದನ್ನು ದಿನಾಂಕ ಸಮೇತ ಬರೆದಿಡಿ. ಯಾವ ಕಡತದ ಪ್ರತಿ ತೆಗೆಯಬಹುದೆಂದು ಮೊದಲು ವಕೀಲರನ್ನು ಕೇಳಿ. ಗೆದ್ದರೆ ಮಾತ್ರ ಫೀಸು ಪಡೆಯುವ ವಕೀಲರೂ ಇದ್ದಾರೆ. ತಡ ಮಾಡಬೇಡಿ: ಅದೇ ವಂಚನೆಯ ಬಗ್ಗೆ ಬೇರೊಬ್ಬರು ಮೊದಲೇ ದಾವೆ ಹೂಡಿದ್ದರೆ ನಿಮ್ಮದು ನಿಲ್ಲುವುದಿಲ್ಲ.