ನೆರೆಮನೆಯ ನಾಯಿ, ನಮ್ಮನೆಯ ಮುಲಾಜು

ಕಲ್ಯಾಣದುರ್ಗ, ಹಿಂದೂಪುರ, ಮಡಕಶಿರಾ ಕಡೆಯಿಂದ ಈ ಸಲ ಬಂದಿರುವ ಪತ್ರಗಳಲ್ಲಿ ನಾಯಿಗಳದೇ ಕಾರುಬಾರು. ಸಾಕಿದವರ ಅಳಲೂ ಇದೆ, ಪಕ್ಕದ ಮನೆಯವರ ಗೋಳೂ ಇದೆ. ಬರೀ ಜಗಳದ ಪತ್ರಗಳನ್ನು ಬದಿಗಿಟ್ಟು, ಕಾಯಿಲೆಗೆ ಸಂಬಂಧಪಟ್ಟವನ್ನಷ್ಟೇ ವೈದ್ಯರು ಕೈಗೆತ್ತಿಕೊಂಡಿದ್ದಾರೆ.

ಪ್ರಶ್ನೆ: ಪಕ್ಕದ ಮನೆಯವರು ತಂದಿರುವ ಎರಡು ತಿಂಗಳ ನಾಯಿಮರಿ ಆಟವಾಡುತ್ತಾ ನನ್ನ ಏಳು ವರ್ಷದ ಮಗನ ಅಂಗೈ ಕಚ್ಚಿತು. ಒಂದೆರಡು ಹನಿ ರಕ್ತ ಬಂತು. ಅತ್ತೆಯವರು ಸುಣ್ಣ, ಖಾರದಪುಡಿ ಮೆತ್ತಿದರು. 'ಹಾಲು ಕುಡಿಯೋ ಮರಿಗೆ ಎಂಥ ಹುಚ್ಚಮ್ಮಾ' ಎಂದು ಪಕ್ಕದವರು ನಕ್ಕುಬಿಟ್ಟರು. ಸೂಜಿ ಹಾಕಿಸಿದರೆ ಅವರಿಗೆ ಬೇಜಾರಾದೀತೆಂದು ಸುಮ್ಮನಿದ್ದೇವೆ. ನಾಲ್ಕು ದಿನವಾಯಿತು, ಮಗ ಚೆನ್ನಾಗಿಯೇ ಇದ್ದಾನೆ. ರಕ್ತಪರೀಕ್ಷೆ ಮಾಡಿಸಿ ನೋಡಿದರೆ ಸಾಕಲ್ಲವೇ?
– ಗೃಹಿಣಿ, ಕಲ್ಯಾಣದುರ್ಗ

ಉತ್ತರ: ಈ ಪತ್ರಕ್ಕೆ ಮಾತ್ರ ಅಂಕಣ ಅಚ್ಚಾಗುವವರೆಗೆ ಕಾಯಲಿಲ್ಲ. 'ಇವತ್ತೇ, ಈಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ' ಎಂದು ಅದೇ ದಿನ ತಿಳಿಸಲಾಗಿದೆ. ಇಂಥ ಮುಲಾಜಿನಲ್ಲಿ ಸಿಕ್ಕಿಕೊಂಡವರು ಇನ್ನೂ ಎಷ್ಟೋ ಮಂದಿ ಇರುವುದರಿಂದ ಉಳಿದ ಮಾತು ಇಲ್ಲಿ.

ಬೇರೆ ಯಾವ ಕಾಯಿಲೆಗಾದರೂ ಈ ಅಂಕಣದ ವೈದ್ಯರು ಮೊದಲು ಹೇಳುವುದು ಪರೀಕ್ಷೆ ಮಾಡಿಸಿ ಎಂದೇ. ಅದು ಓದುಗರಿಗೂ ಗೊತ್ತು, ಕೆಲವರು ಕಿಚಾಯಿಸಿ ಬರೆಯುವುದೂ ಉಂಟು. ಆದರೆ ರೇಬೀಸ್ ವಿಷಯದಲ್ಲಿ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ. ಕಚ್ಚಿದ ಮೇಲೆ ವೈರಸ್ ನರಗಳೊಳಗೆ ಮೆಲ್ಲಗೆ ಮಿದುಳಿನತ್ತ ಸಾಗುತ್ತದೆ. ಆ ಹಂತದಲ್ಲಿ ಅದನ್ನು ತೋರಿಸಿಕೊಡುವ ರಕ್ತಪರೀಕ್ಷೆಯೇ ಇಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ, ಕೆಲವೊಮ್ಮೆ ಇನ್ನೂ ತಡವಾಗಿ ಲಕ್ಷಣ ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. 'ನಾಲ್ಕು ದಿನವಾದರೂ ಚೆನ್ನಾಗಿದ್ದಾನೆ' ಎನ್ನುವುದರಿಂದ ಏನೂ ಗೊತ್ತಾಗುವುದಿಲ್ಲ ತಾಯಿ.

ಮರಿ ಎಂದ ಮಾತ್ರಕ್ಕೆ ಅದು ನಿರಪಾಯಕಾರಿಯಲ್ಲ. ನಾಯಿಗೆ ರೇಬೀಸ್ ಲಸಿಕೆ ಶುರುವಾಗುವುದೇ ಮೂರು ತಿಂಗಳು ತುಂಬಿದ ಮೇಲೆ. ಎರಡು ತಿಂಗಳ ಮರಿಯೆಂದರೆ ಲಸಿಕೆ ಇಲ್ಲದ ನಾಯಿ ಎಂದೇ ಲೆಕ್ಕ. ಅದರ ತಾಯಿ ಯಾವುದು, ಅದನ್ನು ಯಾವ ಬೀದಿನಾಯಿ ಕಚ್ಚಿತ್ತು ಎಂಬುದು ಪಕ್ಕದ ಮನೆಯವರಿಗೆ ಹೇಗೆ ಗೊತ್ತಿರಬೇಕು?

ಹಲ್ಲು ಚರ್ಮ ದಾಟಿ ರಕ್ತ ಬಂದರೆ ಅದು ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯಲ್ಲಿ ಮೂರನೆಯ ದರ್ಜೆ, ಅಂದರೆ ಅತ್ಯಂತ ಅಪಾಯದ್ದು. ಅಂಗೈಯಲ್ಲಿ ನರಗಳು ಹೆಚ್ಚು, ಅದು ಇನ್ನೊಂದು ಭಯ. ಇಂಥ ಗಾಯಕ್ಕೆ ಲಸಿಕೆಯೊಂದೇ ಸಾಲದು. ಲಸಿಕೆ ದೇಹದಲ್ಲಿ ಕೆಲಸ ಶುರು ಮಾಡಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ತಡೆಯಲು ಇಮ್ಯುನೊಗ್ಲಾಬ್ಯುಲಿನ್ ಎಂಬ ಸೀರಂ ಅನ್ನು ಗಾಯದೊಳಗೇ ಚುಚ್ಚಬೇಕು. ಮೊದಲ ಲಸಿಕೆಯ ದಿನವೇ ಕೊಡುವುದು ಸರಿ. ಅವತ್ತು ಸಿಗದಿದ್ದರೆ ಏಳು ದಿನದೊಳಗೆ ಕೊಡಬಹುದು. ಆಸ್ಪತ್ರೆಯಲ್ಲಿ ಸೂಜಿ ಹಾಕಿ ಕಳಿಸಿದರೆ ಸುಮ್ಮನೆ ಬರಬೇಡಿ, ಸೀರಂ ಬೇಕೇ ಎಂದು ಬಾಯಿಬಿಟ್ಟು ಕೇಳಿ. ಟಿಟಿಯನ್ನೂ ಕೇಳಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಚರ್ಮದೊಳಕ್ಕೆ ಎರಡೂ ತೋಳಿಗೆ 0.1 ಮಿಲಿಯಂತೆ 0, 3, 7, 28ನೇ ದಿನಗಳಲ್ಲಿ ಕೊಡುತ್ತಾರೆ. ಖಾಸಗಿಯಲ್ಲಿ ಸ್ನಾಯುವಿಗೆ ಕೊಡುವ ಕ್ರಮವಾದರೆ 0, 3, 7, 14, 28. ಎರಡೂ ಸರಿ. ಪೃಷ್ಠಕ್ಕೆ ಮಾತ್ರ ಹಾಕಿಸಿಕೊಳ್ಳಬೇಡಿ, ಅಲ್ಲಿಯ ಕೊಬ್ಬಿನಲ್ಲಿ ಈ ಲಸಿಕೆ ಹತ್ತುವುದಿಲ್ಲ.

ಇನ್ನು ಸುಣ್ಣ, ಖಾರದಪುಡಿ. ಅತ್ತೆಯವರು ಪ್ರೀತಿಯಿಂದಲೇ ಮಾಡಿರುತ್ತಾರೆ, ಸಂಶಯವಿಲ್ಲ. ಆದರೆ ಗಾಯ ಕೆರಳಿದಷ್ಟೂ ವೈರಸ್ಸು ಒಳಕ್ಕೆ ಇಳಿಯಲು ದಾರಿಯಾಗುತ್ತದೆ. ಬೇಕಾದದ್ದು ಬಟ್ಟೆ ಒಗೆಯುವ ಸೋಪು ಮತ್ತು ನಲ್ಲಿ ನೀರು, ಹದಿನೈದು ನಿಮಿಷ. ಈ ವೈರಸ್ಸಿನ ಹೊರಕವಚ ಕೊಬ್ಬಿನದು, ಸೋಪಿಗೆ ಕರಗುತ್ತದೆ. ವಾರಕ್ಕೊಮ್ಮೆ ನೀರು ಬರುವ ಬೀದಿಯಾದರೆ ಬಿಂದಿಗೆಯಿಂದ ಒಬ್ಬರು ಧಾರೆಯಾಗಿ ಸುರಿಯಲಿ, ಇನ್ನೊಬ್ಬರು ತೊಳೆಯಲಿ.

ಕೊನೆಗೆ ಮುಲಾಜು. ಆಸ್ಪತ್ರೆಗೆ ಹೋಗುವುದು ಪಕ್ಕದವರ ಮೇಲೆ ದೂರು ಕೊಟ್ಟಂತಲ್ಲ. ನಾಯಿ ಸಾಕಿದವರೇ ಮಗುವನ್ನು ತಮ್ಮ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬೇಕಾಗಿತ್ತು. ಅದು ನೆರೆಹೊರೆ. ನಾಯಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಜನರಿಗೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಐದು ಸಾವಿರ ರೂಪಾಯಿವರೆಗೆ ದಂಡ ಇದೆ. ಪೊಲೀಸರ ತನಕ ಹೋಗುವ ಅಗತ್ಯವಿಲ್ಲ. ಮರಿಯನ್ನು ಹತ್ತು ದಿನ ಕಟ್ಟಿ ನೋಡಿಕೊಳ್ಳಿ, ಮಂಕಾದರೆ, ಸತ್ತರೆ, ತಪ್ಪಿಸಿಕೊಂಡರೆ ಮುಚ್ಚಿಡದೆ ಹೇಳಿ ಎಂದು ಪಕ್ಕದವರಿಗೆ ತಿಳಿಸಿ. ಆ ಹತ್ತು ದಿನ ಮುಗಿಯಲೆಂದು ಲಸಿಕೆಯನ್ನು ಮಾತ್ರ ತಡಮಾಡಬಾರದು.

ಪ್ರಶ್ನೆ: ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕುತ್ತಾರಂತೆ ಹೌದೇ? ನಮ್ಮೂರಲ್ಲಿ ಒಬ್ಬರು ಬೇರು ಅರೆದು ಕೊಡುತ್ತಾರೆ. ಬದನೆಕಾಯಿ, ಕೋಳಿ ತಿನ್ನಬಾರದು, ತಿಂದರೆ ಹೊಟ್ಟೆಯಲ್ಲಿ ನಾಯಿಮರಿ ಬೆಳೆಯುತ್ತದೆ ಎನ್ನುತ್ತಾರೆ.
– ಹಿಂದೂಪುರ

ಉತ್ತರ: ಹೊಟ್ಟೆಯಲ್ಲಿ ನಾಯಿಮರಿ ಬೆಳೆಯುವುದಿಲ್ಲ. ಇದನ್ನು ಎಷ್ಟನೆಯ ಬಾರಿ ಬರೆಯುತ್ತಿರುವುದೋ ವೈದ್ಯರಿಗೇ ಲೆಕ್ಕ ತಪ್ಪಿದೆ.

ಹದಿನಾಲ್ಕು ಸೂಜಿಯ ಭಯಕ್ಕಾದರೂ ಒಂದು ಚರಿತ್ರೆಯಿದೆ. 1885ರ ಜುಲೈ 6ರಂದು ಲೂಯಿ ಪಾಶ್ಚರ್ ಪ್ಯಾರಿಸ್ಸಿನಲ್ಲಿ ಹುಚ್ಚುನಾಯಿ ಕಚ್ಚಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಮೊದಲ ಬಾರಿ ಲಸಿಕೆ ಕೊಡಿಸಿದರು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಕುರಿಯ ಮಿದುಳಿನಿಂದ ತಯಾರಿಸುವ ಲಸಿಕೆ ರೂಪಿಸಿದರು. ದಕ್ಷಿಣದವರಿಗೆ ಕೂನೂರಿನ ಪಾಶ್ಚರ್ ಸಂಸ್ಥೆಯಿಂದಲೂ ಲಸಿಕೆ ಬರುತ್ತಿತ್ತು. ಅಜ್ಜ ಅಜ್ಜಿಯರು ಹೊಟ್ಟೆಗೆ ಚುಚ್ಚಿಸಿಕೊಂಡದ್ದು ಆ ಮಿದುಳಿನ ಲಸಿಕೆ. ನೋವು ಹೆಚ್ಚು, ಕೆಲವರಿಗೆ ಪಾರ್ಶ್ವವಾಯು ಬಡಿದದ್ದೂ ಉಂಟು. ಅದರ ಬಳಕೆಯನ್ನು ಭಾರತ ನಿಲ್ಲಿಸಿ ಇಪ್ಪತ್ತು ವರ್ಷ ದಾಟಿದೆ. ಭಯ ಮಾತ್ರ ನಿಂತಿಲ್ಲ.

ಈಗಿನ ಲಸಿಕೆಗೆ ಪಥ್ಯ ಇಲ್ಲ. ಗರ್ಭಿಣಿಯರೂ ಹಾಲುಣಿಸುವ ತಾಯಂದಿರೂ ಹಾಕಿಸಿಕೊಳ್ಳಬಹುದು, ಹಾಕಿಸಿಕೊಳ್ಳಲೇಬೇಕು. ಬೇರು ಅರೆದು ಕೊಡುವವರಿಂದ ಗುಣವಾದವರೆಲ್ಲ ರೇಬೀಸ್ ಇಲ್ಲದ ನಾಯಿ ಕಚ್ಚಿದವರು. ಉಳಿದವರು ಬಂದು ಸಾಕ್ಷಿ ಹೇಳಲು ಇರುವುದಿಲ್ಲ.

ಪ್ರಶ್ನೆ: ನಮ್ಮದು ಕುರಿ ಸಾಕುವ ಮನೆ. ಮಂದೆ ಕಾಯಲು ಮೂರು ನಾಯಿಗಳಿವೆ. ಅಮ್ಮನಿಗೆ ಐವತ್ತೆರಡು. ಬಲಗಡೆ ಪಕ್ಕೆಯ ಕೆಳಗೆ ಭಾರ, ಆಗಾಗ ನೋವು. ಗ್ಯಾಸ್ ಎಂದು ಮಾತ್ರೆ ನುಂಗುತ್ತಿದ್ದಾರೆ. ನಾಯಿಗೂ ಇದಕ್ಕೂ ಏನಾದರೂ ಸಂಬಂಧವಿದೆಯೇ?
– ಕಲ್ಯಾಣದುರ್ಗ ತಾಲ್ಲೂಕು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಇರಬಹುದು. ಗ್ಯಾಸ್ ಮಾತ್ರೆ ನಿಲ್ಲಿಸಿ ಈ ವಾರವೇ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ.

ಅನಂತಪುರ ಜಿಲ್ಲೆಯಂಥ ಕುರಿಸೀಮೆಯಲ್ಲಿ ಕೆಲಸ ಮಾಡುವ ವೈದ್ಯರಿಗೆ ಹೈಡಾಟಿಡ್ ಗುಳ್ಳೆಯ ನೆನಪು ಸದಾ ಇರಬೇಕು. ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಒಂದು ಲಾಡಿಹುಳು ಇರುತ್ತದೆ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು ಹುಲ್ಲಿಗೆ, ಮಣ್ಣಿಗೆ, ನಾಯಿಯ ಕೂದಲಿಗೂ ಅಂಟುತ್ತದೆ. ಕುರಿ ಅದನ್ನು ಮೇಯುತ್ತದೆ, ಕುರಿಯ ಲಿವರ್‌ನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆಗಳಾಗುತ್ತವೆ. ಕುರಿ ಕೊಯ್ದಾಗ ಆ ಗುಳ್ಳೆಯ ತುಂಡನ್ನು ಬಿಸಾಡಿದರೆ ನಾಯಿ ತಿಂದು ಮತ್ತೆ ಹುಳು ಬೆಳೆಸುತ್ತದೆ. ನಡುವೆ ನಾಯಿಯ ತಲೆ ಸವರಿ ಕೈ ತೊಳೆಯದೆ ಮುದ್ದೆ ಮುರಿದವರ ಹೊಟ್ಟೆಗೂ ಮೊಟ್ಟೆ ಸೇರುತ್ತದೆ. ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಗುಳ್ಳೆ ಕಂಡರೆ ಎದೆಯ ಎಕ್ಸ್‌ರೇಯನ್ನೂ, ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಯನ್ನೂ ಮಾಡಿಸಿ. ಅವಸರಪಟ್ಟು ಯಾರಿಂದಲೂ ಸೂಜಿ ಹಾಕಿ ನೀರು ತೆಗೆಸಬೇಡಿ. ಗುಳ್ಳೆ ಒಳಗೆ ಒಡೆದರೆ ಅಲರ್ಜಿಯ ಆಘಾತದಿಂದ ಪ್ರಾಣಕ್ಕೇ ಸಂಚಕಾರ. ಕೆಲವಕ್ಕೆ ಮಾತ್ರೆ ಸಾಕು, ಕೆಲವಕ್ಕೆ ಆಪರೇಷನ್ ಬೇಕು. ಸ್ಕ್ಯಾನಿಂಗ್‌ನಲ್ಲಿ ಬರೀ ಪಿತ್ತಕೋಶದ ಕಲ್ಲು ಕಂಡರೂ ಹಣ ದಂಡವಾಯಿತೆನ್ನಬೇಡಿ, ಆ ನೋವಿಗೂ ಮದ್ದು ಬೇಕಲ್ಲವೇ?

ಜಾತ್ರೆ, ಹರಕೆ, ಮದುವೆಯೂಟ ಮುಗಿದ ಮೇಲೆ ಬೋಟಿ, ಲಿವರ್ ತುಂಡುಗಳನ್ನು ಹಸಿಯಾಗಿ ನಾಯಿಗೆ ಎಸೆಯುವುದನ್ನು ನಿಲ್ಲಿಸಿ. ಬೇಯಿಸಿ ಹಾಕಿ, ಇಲ್ಲವೇ ನಾಯಿ ಕೆದಕದಷ್ಟು ಆಳದಲ್ಲಿ ಹೂಳಿ. ನಾಯಿಗಳಿಗೆ ಜಂತುಮಾತ್ರೆ ಎಷ್ಟು ದಿನಕ್ಕೊಮ್ಮೆ ಎಂದು ಪಶುವೈದ್ಯರನ್ನು ಕೇಳಿ, ಎಲ್ಲ ಜಂತುಮಾತ್ರೆಯೂ ಲಾಡಿಹುಳುವನ್ನು ಕೊಲ್ಲುವುದಿಲ್ಲ. ಒಬ್ಬರ ಮನೆಯಲ್ಲಿ ಎಸೆದ ತುಂಡು ಇಡೀ ಕೇರಿಯ ನಾಯಿಗಳ ಪಾಲಾಗುತ್ತದೆ.

ಪ್ರಶ್ನೆ: ಹಿಂದಿನ ಮನೆಯವರು ನಾಯಿಯನ್ನು ಮಾಳಿಗೆ ಮೇಲೆ ಕಟ್ಟುತ್ತಾರೆ. ರಾತ್ರಿಯಿಡೀ ಬೊಗಳುತ್ತದೆ. ನನಗೆ 68 ವರ್ಷ, ಬಿಪಿ ಇದೆ. ಮೂರು ನಾಲ್ಕು ಸಲ ಎಚ್ಚರವಾಗುತ್ತದೆ. ನಿವೃತ್ತ ಮೇಷ್ಟ್ರು ಎಂದು ಜಗಳವಾಡಲೂ ಸಂಕೋಚ.
– ಹಿಂದೂಪುರ

ಉತ್ತರ: ಮೇಷ್ಟ್ರೇ, ನಿದ್ದೆಗೆಟ್ಟರೆ ಬಿಪಿ ಏರುವುದು ನಿಜ. ಆದರೆ ಒಂದು ಅನುಮಾನ. ನಾಯಿ ಬೊಗಳಿ ಎಚ್ಚರವಾಗುತ್ತಿದೆಯೋ, ಮೂತ್ರಕ್ಕೆಂದು ಎಚ್ಚರವಾದಾಗ ನಾಯಿ ಬೊಗಳುವುದು ಕೇಳಿಸುತ್ತಿದೆಯೋ? ಈ ವಯಸ್ಸಿನಲ್ಲಿ ಸಕ್ಕರೆ, ಕ್ರಿಯಾಟಿನಿನ್, ಪ್ರಾಸ್ಟೇಟ್ ನೋಡಿಸದೆ ಎಲ್ಲವನ್ನೂ ನಾಯಿಯ ತಲೆಗೆ ಕಟ್ಟಬೇಡಿ. ಗೊರಕೆ ಇದೆಯೇ ಎಂದು ಮನೆಯವರನ್ನು ಕೇಳಿ.

ನಾಯಿಯ ಪಾಲೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿ. ಕಾನೂನಿಗಿಂತ ಮೊದಲು ಸಂಜೆ ಹೊತ್ತಲ್ಲಿ ಹೋಗಿ ಮಾತಾಡಿ. ಗಿಡ್ಡ ಸರಪಳಿಯಲ್ಲಿ, ಕಾದ ಮಾಳಿಗೆಯ ಮೇಲೆ, ಹಗಲೆಲ್ಲ ಒಂಟಿಯಾಗಿರುವ ನಾಯಿ ರಾತ್ರಿ ಬೊಗಳದೆ ಇನ್ನೇನು ಮಾಡೀತು? ಸಂಜೆ ಅರ್ಧ ಗಂಟೆ ಸುತ್ತಾಡಿಸಿ, ರಾತ್ರಿ ಕೆಳಗೆ ಬಾಗಿಲ ಬಳಿ ಮಲಗಿಸಿದರೆ ಅರ್ಧ ತಂಟೆ ಮುಗಿಯಿತು. 'ಈ ಬೀದಿಯಲ್ಲಿ ನಾಯಿ ಸಾಕಬಾರದು' ಎಂದು ಮಾತ್ರ ಠರಾವು ಮಾಡಿಸಬೇಡಿ, ನಿವಾಸಿಗಳ ಸಂಘಗಳಿಗೆ ಆ ಅಧಿಕಾರವಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ.

ಪ್ರಶ್ನೆ: ನಾಯಿ ಮೈತುಂಬ ಉಣುಗು. ಮಗಳಿಗೆ ಜ್ವರ. ಇದು ಮಂಗನ ಕಾಯಿಲೆಯೇ?
– ಮಡಕಶಿರಾ

ಉತ್ತರ: ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಕಾಯಿಲೆಯ ಉಣುಗು ಮಲೆನಾಡಿನ ಕಾಡಿನದು. ಆದರೆ ನಾಯಿ ಉಣುಗಿನಿಂದ ಟಿಕ್ ಟೈಫಸ್ ಎಂಬ ಜ್ವರ ಬರಬಹುದು. ಅಂಗೈ, ಅಂಗಾಲಿನಲ್ಲೂ ಕೆಂಪು ದದ್ದೆದ್ದರೆ ತಡಮಾಡಬೇಡಿ. ಜ್ವರ ಎರಡು ದಿನ ದಾಟಿದರೆ ರಕ್ತಪರೀಕ್ಷೆ ಮಾಡಿಸಿ, ಮನೆಯಲ್ಲಿ ಉಣುಗು ಹತ್ತಿದ ನಾಯಿ ಇದೆ ಎಂದು ವೈದ್ಯರಿಗೆ ನೀವಾಗಿಯೇ ಹೇಳಿ. ಉಣುಗನ್ನು ಉಗುರಲ್ಲಿ ಕುಕ್ಕಬೇಡಿ, ಸೀಮೆಎಣ್ಣೆ ಸುರಿಯಬೇಡಿ, ಚಿಮಟದಲ್ಲಿ ಬುಡ ಹಿಡಿದು ನೇರವಾಗಿ ಎಳೆಯಿರಿ.

ಪ್ರಶ್ನೆ: ಬೀದಿನಾಯಿಗಳಿಗೆ ಮನೆ ಮುಂದೆ ಅನ್ನ ಹಾಕುತ್ತೇನೆ. ಎದುರು ಮನೆಯವರು ದಿನಾ ಜಗಳ. ಮೊನ್ನೆ ಪಾವಗಡದ ತಂಗಿ ಮನೆಗೆ ಹೋದಾಗ ಅಲ್ಲಿಯ ಒಂದು ನಾಯಿ ಕಚ್ಚಿ ಮೊದಲ ಸೂಜಿ ಅಲ್ಲೇ ಆಯಿತು. ಉಳಿದದ್ದನ್ನು ಇಲ್ಲಿ ಹಾಕುತ್ತಾರೆಯೇ?
– ಕಲ್ಯಾಣದುರ್ಗ

ಉತ್ತರ: ಅನ್ನ ಹಾಕುವುದು ಪುಣ್ಯದ ಕೆಲಸ, ಎದುರು ಮನೆಯ ಮೆಟ್ಟಿಲ ಬಳಿ ಹಾಕುವುದಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಮೆಟ್ಟಿಲು, ಮಕ್ಕಳ ಆಟದ ಜಾಗಗಳಿಂದ ದೂರದಲ್ಲಿ, ಗೊತ್ತುಮಾಡಿದ ಹೊತ್ತಿನಲ್ಲಿ ಹಾಕಬೇಕು. ಗೊತ್ತುಮಾಡಿದ ಜಾಗದಲ್ಲಲ್ಲದೆ ಬೀದಿಬೀದಿಯಲ್ಲಿ ಹಾಕುವಂತಿಲ್ಲವೆಂದು 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿತು. ದಿನಾ ಅನ್ನ ತಿನ್ನುವ ನಾಯಿ ನಿಮ್ಮ ಕೈಗೆ ಸಿಗುತ್ತದೆ, ಎದುರು ಮನೆಯವರ ಕೈಗೆ ಸಿಗುವುದಿಲ್ಲ. ಆದ್ದರಿಂದ ಅದಕ್ಕೆ ಲಸಿಕೆ ಹಾಕಿಸುವ ಜವಾಬ್ದಾರಿಯೂ ನಿಮ್ಮದೇ. ಪ್ರತಿ ಜುಲೈ 6ರಂದು ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುವುದುಂಟು, ವಿಚಾರಿಸಿ.

ಸೂಜಿಗೆ ರಾಜ್ಯದ ಗಡಿ ಇಲ್ಲ. ಪಾವಗಡದಲ್ಲಿ ಕೊಟ್ಟ ಚೀಟಿಯನ್ನು ಜೋಪಾನವಾಗಿ ತಂದು ಇಲ್ಲಿ ತೋರಿಸಿ. ಚರ್ಮಕ್ಕೋ ಸ್ನಾಯುವಿಗೋ ಯಾವ ಕ್ರಮದಲ್ಲಿ ಶುರುವಾಗಿದೆಯೋ ಅದರಲ್ಲೇ ಮುಗಿಸುವುದು ಒಳ್ಳೆಯದು. ಒಂದು ದಿನ ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ, ಆದಷ್ಟು ಬೇಗ ಮುಂದಿನದನ್ನು ಹಾಕಿಸಿ. ಚೀಟಿ ಕನ್ನಡದಲ್ಲಿದ್ದರೂ ತೆಲುಗಿನಲ್ಲಿದ್ದರೂ ತಾರೀಖು ಒಂದೇ, 28ನೇ ದಿನದ ಸೂಜಿಯನ್ನು ಮರೆಯಬೇಡಿ.