ನರ್ಸಮ್ಮನ ಹೆಸರು ಯಾವ ಪುಸ್ತಕದಲ್ಲಿದೆ?

ನಮ್ಮ ಕಡೆಯ ಹಳ್ಳಿಗಳಲ್ಲಿ ಸೂಜಿ ಹಿಡಿದ ಹೆಂಗಸರೆಲ್ಲರೂ ನರ್ಸಮ್ಮಂದಿರೇ. ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಿಲ್ಲುವವರೂ ನರ್ಸಮ್ಮ, ಮಗುವಿಗೆ ಪೋಲಿಯೋ ಹನಿ ಹಾಕಲು ಮನೆಬಾಗಿಲಿಗೆ ಬರುವವರೂ ನರ್ಸಮ್ಮ, ಪೇಟೆಯ ಯಾವುದೋ ಖಾಸಗಿ ಆಸ್ಪತ್ರೆಯಲ್ಲಿ ಬೆಳಗ್ಗೆ ಚೀಟಿ ಬರೆದು ಸಂಜೆಗೆ ಇಂಜಕ್ಷನ್ನು ಚುಚ್ಚುವ ಹುಡುಗಿಯೂ ನರ್ಸಮ್ಮ. ಕಾಯಿಲೆಯವರಿಗೆ ಈ ಭೇದ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ಪದವಿಯ ಹೊಸ್ತಿಲಲ್ಲಿ ನಿಂತಿರುವ ನಮಗೂ ತಿಳಿಯದೆಂಬುದು ಮಾತ್ರ ಸೋಜಿಗವೇ. ಈ ಮೂವರಲ್ಲಿ ನಡುವಿನವರನ್ನು, ಅಂದರೆ ಎ.ಎನ್.ಎಂ. ಎಂಬ ಮೂರಕ್ಷರದಿಂದ ಕರೆಸಿಕೊಳ್ಳುವ ಸಹಾಯಕ ದಾದಿ ಮತ್ತು ಸೂಲಗಿತ್ತಿಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ದಾದಿಯ ಹೆಸರನ್ನು ಸರಕಾರದ ಪುಸ್ತಕದಲ್ಲಿ ನೋಂದಾಯಿಸುವ ಪದ್ಧತಿ ನಮ್ಮಲ್ಲಿ ತೀರ ಹಳೆಯದಲ್ಲ. ಮದರಾಸು ಪ್ರಾಂತವು 1926ರಲ್ಲಿ ಇದಕ್ಕೊಂದು ಕಾಯ್ದೆ ಮಾಡಿತು. ಸ್ವಾತಂತ್ರ್ಯ ಬಂದ ವರ್ಷವೇ, 1947ರಲ್ಲಿ, ಇಡೀ ದೇಶದ ಶಿಕ್ಷಣವನ್ನು ಒಂದು ಮಟ್ಟಕ್ಕೆ ತರಲು ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂದಿತು. ನಮ್ಮ ರಾಜ್ಯದ ಕಾಯ್ದೆ 1961ರದು. 1947ರ ಕಾಯ್ದೆಯ ಸ್ಥಾನದಲ್ಲಿ ನಿಲ್ಲಿಸಲು ಸಂಸತ್ತು 2023ರಲ್ಲಿ ಹೊಸದೊಂದು ಕಾಯ್ದೆಯನ್ನು ಅಂಗೀಕರಿಸಿದೆ.

ಪೂರ್ಣ ದಾದಿಯೊಬ್ಬಳನ್ನು ತಯಾರು ಮಾಡಲು ಮೂರು ನಾಲ್ಕು ವರ್ಷ ಬೇಕು, ಹಳ್ಳಿಗಳು ಕಾಯುವಂತಿರಲಿಲ್ಲ. ಆದ್ದರಿಂದ 1950ರ ದಶಕದಲ್ಲಿ ಎರಡು ವರ್ಷದ ಎ.ಎನ್.ಎಂ. ಶಿಕ್ಷಣ ಹುಟ್ಟಿತು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಈಕೆಯನ್ನು ಹೆರಿಗೆಗಷ್ಟೇ ಸೀಮಿತಗೊಳಿಸದೆ ಬಹೂದ್ದೇಶ ಆರೋಗ್ಯ ಕಾರ್ಯಕರ್ತೆಯನ್ನಾಗಿ ಮಾಡಬೇಕೆಂದು ಹೇಳಿತು. 1977ರಲ್ಲಿ ಶಿಕ್ಷಣದ ಅವಧಿ ಹದಿನೆಂಟು ತಿಂಗಳಿಗೆ ಇಳಿಯಿತು. ಕೆಲಸ ಹೆಚ್ಚಿಸಿ ಕಲಿಕೆ ಕಡಿಮೆ ಮಾಡಿದ ಈ ಲೆಕ್ಕ ನನಗಂತೂ ಅರ್ಥವಾಗಿಲ್ಲ. ಈಗ ಮತ್ತೆ ಎರಡು ವರ್ಷವಾಗಿದೆ. ಅದರಲ್ಲಿ ಕೊನೆಯ ಆರು ತಿಂಗಳು ಪೂರ್ತಿ ಪ್ರತ್ಯಕ್ಷ ಕೆಲಸ.

ಇಂಥ ಮಧ್ಯಮ ದರ್ಜೆಯ ದಾದಿ ನಮ್ಮ ದೇಶಕ್ಕೇ ವಿಶೇಷವಲ್ಲ. ಅಮೆರಿಕದಲ್ಲಿ ಆಕೆಗೆ ಪ್ರಾಕ್ಟಿಕಲ್ ನರ್ಸ್ ಎಂದು ಹೆಸರು. ಅಲ್ಲಿ ಸುಮಾರು ಒಂದು ವರ್ಷ ಓದಿ ಶಾಲೆಯಲ್ಲಿ ತೇರ್ಗಡೆಯಾದರೂ ಸಾಲದು. ಪರವಾನಗಿಗೆಂದೇ ಇರುವ ಬೇರೊಂದು ಪರೀಕ್ಷೆಯನ್ನು ಗೆಲ್ಲಬೇಕು. ನಮ್ಮಲ್ಲಿ ಆ ಎರಡನೆಯ ಪರೀಕ್ಷೆಯಿಲ್ಲ. ಮಾನ್ಯತೆ ಪಡೆದ ಶಾಲೆಯಲ್ಲಿ ಓದಿ, ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾದವಳು ರಾಜ್ಯ ಶುಶ್ರೂಷಾ ಪರಿಷತ್ತಿಗೆ ಅರ್ಜಿ ಹಾಕುತ್ತಾಳೆ, ಹೆಸರು ದಾಖಲಾಗುತ್ತದೆ. ಆದುದರಿಂದ ನಮ್ಮಲ್ಲಿ ಭಾರವೆಲ್ಲ 'ಮಾನ್ಯತೆ ಪಡೆದ ಶಾಲೆ' ಎಂಬ ಆ ಎರಡು ಮೂರು ಪದಗಳ ಮೇಲೆಯೇ ಬಿದ್ದಿದೆ.

ಈ ಶಿಕ್ಷಣಕ್ಕೆ ಸೇರುವವರು ಹೆಣ್ಣುಮಕ್ಕಳಾಗಿರಬೇಕು, 17 ವರ್ಷ ತುಂಬಿರಬೇಕು, ಪಿ.ಯು.ಸಿ. ಮುಗಿಸಿರಬೇಕು. ಬಿ.ಎಸ್ಸಿ. ನರ್ಸಿಂಗಿಗೆ ವಿಜ್ಞಾನವೇ ಬೇಕು. ಇಲ್ಲಿಗೆ ಕಲಾ ವಿಭಾಗದವರೂ ಸಲ್ಲುತ್ತಾರೆ. ನನ್ನ ಅಕ್ಕ ಹಾಗೆ ಸೇರಿದವಳು. ಇತಿಹಾಸ, ಅರ್ಥಶಾಸ್ತ್ರ ಓದಿದವಳು ರಜೆಗೆ ಬಂದಾಗ ನಡುಮನೆಯಲ್ಲಿ ಕುಳಿತು ಸೂಜಿಯ ಪಾಠವನ್ನು ಗಟ್ಟಿಯಾಗಿ ಒಪ್ಪಿಸಿಕೊಳ್ಳುತ್ತಿದ್ದಳು: ಬಿ.ಸಿ.ಜಿ. ಎಡತೋಳಿನ ಚರ್ಮದ ಪದರದೊಳಕ್ಕೆ, ದಡಾರದ್ದು ಬಲತೋಳಿನ ಚರ್ಮದ ಕೆಳಕ್ಕೆ, ಪೆಂಟಾವೇಲೆಂಟ್ ತೊಡೆಯ ಸ್ನಾಯುವಿಗೆ. ಮೂರು ಲಸಿಕೆ, ಮೂರು ಆಳ. ಲಸಿಕೆಯ ಪೆಟ್ಟಿಗೆ 2ರಿಂದ 8 ಡಿಗ್ರಿಯೊಳಗೇ ಇರಬೇಕು. ದ್ರಾವಣ ಬೆರೆಸಿದ ದಡಾರದ ಲಸಿಕೆಯನ್ನು 4 ಗಂಟೆಯಾದ ಮೇಲೆ, ಶೀಷೆಯಲ್ಲಿ ಎಷ್ಟೇ ಉಳಿದಿರಲಿ, ಚೆಲ್ಲಬೇಕು. "ಉಳಿದದ್ದನ್ನು ಚೆಲ್ಲೋದಾ?" ಎಂದು ನಮ್ಮವ್ವ ಕೇಳಿದ್ದುಂಟು. ಒಂದು ಹಿಡಿ ಅನ್ನವನ್ನೂ ಚೆಲ್ಲದ ಮನೆಯಲ್ಲಿ ಬೆಳೆದವಳಿಗೆ ಚೆಲ್ಲುವುದನ್ನು ಕಲಿಯುವುದೂ ಒಂದು ಶಿಕ್ಷಣವೇ. ಸಮುದಾಯ ಆರೋಗ್ಯ, ಪೌಷ್ಟಿಕ ಆಹಾರ, ಶಿಶುಪಾಲನೆ, ಪ್ರಸೂತಿ, ಆರೋಗ್ಯ ಕೇಂದ್ರದ ಲೆಕ್ಕಪತ್ರ ಮುಂತಾದ ಉಳಿದ ಪಾಠಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಕಲಿತಾದ ಮೇಲೆ ಬಯಲುಸೀಮೆಯಲ್ಲಿ 5000, ಗುಡ್ಡಗಾಡಿನಲ್ಲಿ 3000 ಜನಕ್ಕೊಂದರಂತೆ ಇರುವ ಉಪಕೇಂದ್ರವೇ ಆಕೆಯ ಕ್ಷೇತ್ರ. ಈಗ ನನ್ನ ಕಾಲೇಜಿನ ಶುಲ್ಕ ಹೋಗುತ್ತಿರುವುದು ಅಕ್ಕನ ಆ ಸಂಬಳದಿಂದಲೇ.

ನೋಂದಣಿ ಬರಿಯ ಅಧಿಕಾರವಲ್ಲ, ಎಲ್ಲೆಯೂ ಹೌದು. ಬಸುರಿಗೆ ರಕ್ತದೊತ್ತಡ ಏರಿ ಸೆಟೆತ ಬಂದರೆ ಎ.ಎನ್.ಎಂ. ಆದವಳು ಮೆಗ್ನೀಸಿಯಂ ಸಲ್ಫೇಟಿನ ಮೊದಲ ಪಾಳಿಯ ಇಂಜಕ್ಷನ್ನನ್ನು ಕೊಡಬಹುದು, ಕೊಟ್ಟು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಎರಡನೆಯ ಪಾಳಿ ಆಕೆಯದಲ್ಲ. ಎಲ್ಲಿ ತನ್ನ ಕೈ ನಿಲ್ಲಬೇಕೆಂಬುದನ್ನು ತಿಳಿದ ಕೈಗೇ ಪರವಾನಗಿ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಯಾವ ಶಾಲೆಯಲ್ಲಿ ಕಲಿತರು? ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದರೆಂದು ಪ್ರಸಿದ್ಧಿ. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಅಜ್ಜಿಯೂ ಇದೇ ವಾದ ಹೂಡುತ್ತಾಳೆ: "ನಿಮ್ಮಪ್ಪನ್ನ ಹೆತ್ತಾಗ ಯಾವ ಸರ್ಟಿಫಿಕೇಟಿತ್ತು?" ನರಸಮ್ಮನವರ ಕೈಗುಣಕ್ಕೆ ತಲೆಬಾಗುತ್ತೇನೆ. ಆದರೆ ಅಂಥವರು ಊರಿಗೊಬ್ಬರಂತೆ ಹುಟ್ಟುವುದಿಲ್ಲ. ಒಳ್ಳೆಯ ಕೈ ಸಿಗದ ಊರಿನ ಬಾಣಂತಿಯ ಗತಿಯೇನು? ಸತ್ತವರು ಅಜ್ಜಿಯೊಡನೆ ವಾದಕ್ಕೆ ಬರಲಾರರು.

ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಅಕ್ಕನ ಗೆಳತಿಯೊಬ್ಬಳು ಪೇಟೆಯ ಒಂದು ಸಂಸ್ಥೆಗೆ ಸೇರಿದಳು. ಬಿಳಿಯ ಸಮವಸ್ತ್ರವಿತ್ತು, ದೀಪ ಹಿಡಿದು ಪ್ರತಿಜ್ಞೆ ಮಾಡಿಸಿದರು, ಚಿನ್ನದ ಬಣ್ಣದ ಅಂಚಿನ ಸರ್ಟಿಫಿಕೇಟನ್ನೂ ಕೊಟ್ಟರು, ಮಾನ್ಯತೆಯೊಂದಿರಲಿಲ್ಲ. ಅವಳಪ್ಪ ಎರಡು ಹಸು ಮಾರಿ ಶುಲ್ಕ ಕಟ್ಟಿದ್ದರು. ನೋಂದಣಿಯ ಅರ್ಜಿ ಹಿಂದಕ್ಕೆ ಬಂತು. ಈಗ ಅವಳು ಸಣ್ಣದೊಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಕೆಲಸ ದಾದಿಯದು, ಸಂಬಳ ಆಯಾಳದು. ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಅವಳ ತಲೆಗೆ. ಅವಳಿಂದ ಸೂಜಿ ಚುಚ್ಚಿಸಿಕೊಳ್ಳುವವರಿಗೆ ಇದಾವುದೂ ತಿಳಿಯದು. ಮೋಸವಾದದ್ದು ಹುಡುಗಿಗೊಬ್ಬಳಿಗೇ ಅಲ್ಲ.

ಆದಕಾರಣ ತಂಗಿಯನ್ನೋ ಅತ್ತೆಯ ಮಗಳನ್ನೋ ಸೇರಿಸಲು ಹೊರಟಿರುವ ಸಹಪಾಠಿಗಳು ಕಟ್ಟಡವನ್ನೂ ಜಾಹೀರಾತನ್ನೂ ನೋಡುವ ಮೊದಲು, ಆ ಶಾಲೆಗೆ ಆ ವರ್ಷದ ಮಾನ್ಯತೆಯಿದೆಯೇ ಎಂದು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿಯೇ ವಿಚಾರಿಸಬೇಕು. ಆರು ತಿಂಗಳಲ್ಲಿ ನರ್ಸ್ ಮಾಡುತ್ತೇವೆಂಬವರ ಬಳಿ ವಿಚಾರಿಸುವ ಅಗತ್ಯವೂ ಇಲ್ಲ. ಇನ್ನೊಂದು ಸಂಗತಿ: ಎ.ಎನ್.ಎಂ. ಎಂಬುದು ಕೊನೆಯ ಮೆಟ್ಟಿಲಲ್ಲ. ನೋಂದಾಯಿತಳಾದವಳು ಮೂರು ವರ್ಷದ ಜಿ.ಎನ್.ಎಂ. ಶಿಕ್ಷಣಕ್ಕೆ ಅರ್ಹಳು, ಅದಾದ ಮೇಲೆ ಮತ್ತೆರಡು ವರ್ಷ ಓದಿದರೆ ಬಿ.ಎಸ್ಸಿ. ಪದವಿ. ಅಕ್ಕ ಅರ್ಜಿಯ ನಮೂನೆಯನ್ನು ತಂದಿಟ್ಟುಕೊಂಡಿದ್ದಾಳೆ. ನನ್ನ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತಿದ್ದಾಳಂತೆ.